ಅವ್ವ ಸರಿಸಿಟ್ಟ ಕಲ್ಲುಗಳು

ಸಾರಿಗೆ ಅಧಿಕಾರಿಗಳೇ, ಮಾನ್ಯರೇ,

ಮುಂದಿನ ತಿಂಗಳು ನೀವು ಮಾಲತೇಶನಿಗೆ ಅವನ ಲೈಸನ್ಸು ವಾಪಸು ಕೊಡಲಿದ್ದೀರಿ. ಅಮಾನತಿನ ಅವಧಿ ಮುಗಿಯುತ್ತದಂತೆ. ಕೊಡಬೇಡಿ. ಅವನಿಗೆ ಆ ಕಾರು ಓಡಿಸಲು ಬರುವುದಿಲ್ಲ. ಕಳೆದ ಸುಗ್ಗಿಯಲ್ಲೂ ಬರುತ್ತಿರಲಿಲ್ಲ. ಆದರೂ ನೀವು ಕೊಟ್ಟ ಲೈಸನ್ಸು ಅವನ ಜೇಬಿನಲ್ಲಿತ್ತು, ನಮ್ಮವ್ವ ಗುತ್ತೆವ್ವ ರಸ್ತೆಯ ಮೇಲಿದ್ದಳು. ಮೊದಲ ಸಾಲಿನಲ್ಲೇ ತಕರಾರು ತೆಗೆದೆನೆಂದು ಬೇಸರಿಸಬೇಡಿ. ನಮ್ಮ ಮನೆಯ ಸೌಜನ್ಯವೆಲ್ಲ ಅವ್ವನ ಪಾಲಿಗೆ ಬಂದಿತ್ತು. ಅದರಿಂದ ಅವಳಿಗೇನಾಯಿತು ಎಂದು ಮುಂದೆ ಬರೆಯುತ್ತೇನೆ.

ನಾನು ಹೇಮಾ. ಶಿಗ್ಗಾಂವಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತೇನೆ. ನಮ್ಮೂರು ಬಂಕಾಪುರದಿಂದ ಸವಣೂರಿನ ಕಡೆ ಹೋಗುವ ರಸ್ತೆಯ ಮೇಲಿದೆ. ಊರಿನ ಕಣವಿದ್ದ ಜಾಗದಲ್ಲಿ ಈಗ ಸಮುದಾಯ ಭವನ ನಿಂತಿದೆ, ಅದಕ್ಕೆ ಕಟ್ಟಿದ ದಿನದಿಂದ ಬೀಗ. ಹೀಗಾಗಿ ಒಕ್ಕಿದ ಗೋವಿನಜೋಳವನ್ನು ರಸ್ತೆಯ ಒಂದು ಮಗ್ಗುಲಿಗೆ ಹರಡಿ ಒಣಗಿಸುತ್ತೇವೆ. ಸುಗ್ಗಿಯಲ್ಲಿ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಒಮ್ಮೆ ಹೋಗಿ ನೋಡಿ, ಡಾಂಬರಿನ ಅರ್ಧ ಹಳದಿಯಾಗಿರುತ್ತದೆ. ತಪ್ಪೇ? ತಪ್ಪೇ ಇರಬೇಕು. ಆದರೆ ಆ ತಪ್ಪಿಗೂ ನಾವು ಒಂದು ಶಿಸ್ತು ಮಾಡಿಕೊಂಡಿದ್ದೇವೆ. ಕಾಳಿನ ಅಂಚಿಗೆ ಉದ್ದಕ್ಕೂ ತಲೆ ಗಾತ್ರದ ಕಲ್ಲು ಇಡುತ್ತೇವೆ. ಕಲ್ಲು ಕಂಡ ಬಸ್ಸಿನವರು, ಟ್ರ್ಯಾಕ್ಟರಿನವರು ವೇಗ ತಗ್ಗಿಸಿ ಉಳಿದರ್ಧದಲ್ಲಿ ಹೋಗುತ್ತಾರೆ. ನಮ್ಮನ್ನು ಬೈದುಕೊಂಡೇ ಹೋಗುತ್ತಾರೆ, ಆ ಮಾತು ಬೇರೆ. ಕಲ್ಲಿನ ಒಳಗಡೆ ಹೆಂಗಸರು ಬರಿಗಾಲನ್ನು ನೆಲಕ್ಕೆ ಉಜ್ಜುತ್ತ ಕಾಳಿನ ನಡುವೆ ನಡೆಯುತ್ತಾರೆ, ಅಡಿಯ ಕಾಳು ಮೇಲೆ ಬಂದು ಬಿಸಿಲು ಕಾಣಲಿ ಎಂದು. ಕಾಲಾಡಿಸುವುದು ಅನ್ನುತ್ತೇವೆ ಅದಕ್ಕೆ. ಕಾಲಾಡಿಸಿದ ಕಡೆಯೆಲ್ಲ ನೇಗಿಲು ಹೊಡೆದ ಹಾಗೆ ಸಾಲು ಮೂಡುತ್ತದೆ.

ಮಾಲತೇಶ ಶಿಗ್ಗಾಂವಿಯ ಕಾಳಿನ ವ್ಯಾಪಾರಿ ಕರಬಸಪ್ಪನವರ ಮಗ. ನಮ್ಮ ಗೋವಿನಜೋಳ ಹೋಗುವುದು ಅವರ ಅಂಗಡಿಗೇ. ಚಿಕ್ಕವನಿದ್ದಾಗ ತಂದೆಯ ಜೊತೆ ಊರಿಗೆ ಬಂದರೆ ಅವ್ವ ಅವನಿಗೆ ಸುಟ್ಟ ತೆನೆ ಕೊಡುತ್ತಿದ್ದಳು. ಅಂಥವನು ಪುಣೆಯಲ್ಲಿ ಯಾರೋ ಓಡಿಸಿ ಬಿಟ್ಟ ಹಳದಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದ. ಸವಣೂರಿನಲ್ಲಿರುವ ಅಕ್ಕನಿಗೆ ತೋರಿಸಲು ಗೆಳೆಯನನ್ನು ಕೂರಿಸಿಕೊಂಡು ಒಂದು ಭಾನುವಾರ ಹೊರಟ. ನಮ್ಮ ಮನೆಯ ಮುಂದೆ ಕಾರು ತೀರಾ ನಿಧಾನವಾಯಿತು. ಕಾರಿನ ಹೊಟ್ಟೆ ನೆಲಕ್ಕೆ ಹತ್ತಿದಂತಿತ್ತು, ಎದುರಿನಿಂದ ಟ್ರ್ಯಾಕ್ಟರು ಬಂದಿತ್ತು, ಬದಿಗೆ ಸರಿಯಲು ಕಲ್ಲು ಬಿಡುತ್ತಿರಲಿಲ್ಲ. ಅವ್ವ ನಗುತ್ತ ಹತ್ತಿರ ಹೋದಳು.

“ಏನ್ ತಮ್ಮಾ, ನಮ್ಮ ಗೊಂಜಾಳದ ಬಣ್ಣಾನ ಐತೆಲ್ಲ ನಿನ್ನ ಗಾಡಿ!”

“ಹೌದ ಯವ್ವಾ. ಆದ್ರ ಈ ಕಲ್ಲಿಂದ ಅಂಜಿಕಿ ಆಗೇತಿ. ಹೊಟ್ಟಿಗೆ ಒಂದ್ ತಾಗಿದ್ರ ಹುಬ್ಬಳ್ಳ್ಯಾಗೂ ರಿಪೇರಿ ಆಗಂಗಿಲ್ಲ.”

“ಹೋಗಿ ಬಾರಪ. ನೀ ವಾಪಸ್ ಬರೂದ್ರಾಗ ಸರಸಿಟ್ಟಿರ್ತೇನಿ.”

ಹೇಳಿದಂತೆ ಸರಿಸಿಟ್ಟಳು. ಒಂದೊಂದೇ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಬೇವಿನ ಬುಡಕ್ಕೆ ಒಯ್ದಳು. “ಯಾಕ ಬೇ, ಅವನ ಕಾರಿಗೆ ನೀ ಯಾಕ ನಡಾ ಮುರಕೊಳ್ಳಾಕತ್ತಿ?” ಎಂದು ನಾನು ಕಟ್ಟೆಯ ಮೇಲೆ ಕೂತೇ ಕೇಳಿದೆ. “ಪಾಪ, ಹುಡುಗನ ಹೊಸಾ ಗಾಡಿ. ಗೀರು ಬಿದ್ರ ಅವನ ಮಾರಿ ಸಣ್ಣದಾಗತೈತಿ” ಅಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕಾಳಿನೊಳಗೆ ಇಳಿದಳು, ರಸ್ತೆಗೆ ಬೆನ್ನು ಮಾಡಿ ಕಾಲಾಡಿಸತೊಡಗಿದಳು. ಕಾರು ತಿರುಗಿ ಬಂದ ಸದ್ದು ನನಗೂ ಕೇಳಿತು, ಅವಳಿಗೂ ಕೇಳಿರಬೇಕು. ಬರುತ್ತಿರುವವನು ಪರಿಚಯದ ಹುಡುಗ. ತಿರುಗಿ ನೋಡಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಆಮೇಲಿನದನ್ನು ನಿಮ್ಮ ಕಚೇರಿಯ ವರದಿಯಲ್ಲೇ ಓದಿದ್ದೇನೆ. ವಾಹನದ ಬ್ರೇಕು ಸರಿಯಿದೆ. ಸ್ಟೇರಿಂಗು ಸರಿಯಿದೆ. ಟಯರು ಸರಿಯಿವೆ. ಯಾಂತ್ರಿಕ ದೋಷ ಕಂಡುಬಂದಿಲ್ಲ. ರಸ್ತೆಯ ಮೇಲೆ ಧಾನ್ಯ ಹರಡಿದ್ದರಿಂದ ವಾಹನ ನಿಯಂತ್ರಣ ತಪ್ಪಿದೆ. ಎಷ್ಟು ಶ್ರದ್ಧೆಯ ತಪಾಸಣೆ, ಮಾನ್ಯರೇ! ಕಾರಿನ ಅಡಿಗೆ ಹೋಗಿ ಮಲಗಿ ನೋಡಿದ್ದೀರಿ. ಅದನ್ನು ಓಡಿಸಿದವನ ಕೈಕಾಲಿಗೆ ಏನು ಗೊತ್ತಿತ್ತೆಂದು ನೋಡಲು ಮಾತ್ರ ಪುರುಸೊತ್ತಾಗಲಿಲ್ಲವೇ? ಅದೇ ಕಾಳಿನ ಪಕ್ಕದಲ್ಲಿ ಆ ಬೆಳಿಗ್ಗೆಯಿಂದ ಅದೆಷ್ಟು ಬಸ್ಸು, ಲಾರಿ ಹೋದವು. ಅವಕ್ಕೆಲ್ಲ ತಪ್ಪದ ನಿಯಂತ್ರಣ ಅದೊಂದಕ್ಕೇ ಏಕೆ ತಪ್ಪಿತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುಣಿಯಲು ಬಾರದವಳಿಗೆ ಗೆಜ್ಜೆ ಕಟ್ಟಿ ಕಳಿಸಿದವರೂ ನೆಲ ಡೊಂಕು ಅಂದದ್ದನ್ನು ನಾನು ನೋಡಿದ್ದು ನಿಮ್ಮ ವರದಿಯಲ್ಲೇ. ಅಷ್ಟಕ್ಕೆ ನಿಲ್ಲಲಿಲ್ಲ. ಅವ್ವ ಬಿದ್ದ ಜಾಗದ ಹತ್ತಿರವೇ ಒಂದು ಫಲಕ ನಿಂತಿತು, ರಸ್ತೆಯಲ್ಲಿ ಧಾನ್ಯ ಒಣಗಿಸುವುದು ಶಿಕ್ಷಾರ್ಹ ಅಪರಾಧ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಫಲಕ ಇರಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಓಡಿಸಲು ಬಾರದವನು ಓಡಿಸುವುದೂ ಅಪರಾಧ ಎಂದು ಅದರ ಪಕ್ಕದಲ್ಲಿ ಇನ್ನೊಂದು ಏಕಿಲ್ಲ?

ಮಾಲತೇಶ ನಿಮ್ಮ ಮೈದಾನದಲ್ಲಿ ಪರೀಕ್ಷೆ ಕೊಟ್ಟದ್ದು ತಂದೆಯ ಹಳೆಯ ಸಣ್ಣ ಕಾರಿನಲ್ಲಿ. ಮುಂದೆ ಹೋಗಿ, ಹಿಂದೆ ಬಂದು, ಎಂಟು ಬರೆದು ಇಳಿದ. ಪಾಸಾದ. ಅದೇ ಕಾಗದದ ಮೇಲೆ ಅವನು ಆ ಹಳದಿ ಕಾರನ್ನೂ ಓಡಿಸಬಹುದಾಗಿತ್ತು. ಏಕೆಂದರೆ ನಿಮ್ಮ ಕಡತದಲ್ಲಿ ಅದೂ ‘ಲಘು ಮೋಟಾರು ವಾಹನ’. ಆ ಲಘುವಾದದ್ದನ್ನು ಅವ್ವನ ಮೇಲಿಂದ ಎತ್ತಲು ಬಂಕಾಪುರದಿಂದ ಕ್ರೇನು ಬರಬೇಕಾಯಿತು, ಸ್ವಾಮಿ. ನಾನು ಹೊಲಿಗೆಯವಳು, ಅಶ್ವಶಕ್ತಿ ನನಗೆ ತಿಳಿಯದು. ಆದರೆ ಕಾಲಿನ ಕೆಳಗಿನ ಶಕ್ತಿ ಒಮ್ಮೆಲೇ ಹೆಚ್ಚಿದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತು. ನಮ್ಮಲ್ಲಿ ಮಹೆಕ ಎಂಬ ಹುಡುಗಿ ಕಾಲಲ್ಲಿ ತುಳಿಯುವ ಮಷಿನ್ನಿನಲ್ಲಿ ರವಿಕೆ ಹೊಲಿಯುವಷ್ಟು ಪಳಗಿದ್ದಳು. ಕರೆಂಟಿನ ಮಷಿನ್ನಿಗೆ ಕೂತ ದಿನ ಹಳೆಯ ರೂಢಿಯಲ್ಲಿ ಒತ್ತಿದಳು, ಸೂಜಿ ಬೆರಳಿನೊಳಗೆ ಹೋಯಿತು. ಅಂದಿನಿಂದ ಎಷ್ಟೇ ಜಾಣೆಯಾದರೂ ಸರಿ, ಕರೆಂಟಿನ ಮಷಿನ್ನಿಗೆ ಬಂದವಳು ಮೊದಲು ದಾರವಿಲ್ಲದೆ ಗೆರೆ ಹಾಕಿದ ಕಾಗದದ ಮೇಲೆ ಹೊಲಿಯಬೇಕು. ಗೆರೆ ತಪ್ಪದೆ ಹೊಲಿದು ತೋರಿಸಿದ ಮೇಲೆಯೇ ಬಟ್ಟೆ. ಒಂದು ಬೆರಳಿಗಾಗಿ ನಾವು ಇಷ್ಟು ಮಾಡುತ್ತೇವೆ. ಒಂದು ಜೀವಕ್ಕಾಗಿ ನೀವು ಏನು ಮಾಡಿದಿರಿ?

ಮಾಲತೇಶ ನಮ್ಮ ಮನೆಗೆ ಬಂದಿದ್ದ. ದಿನಕರ್ಮ ಮುಗಿದ ಮೇಲೆ, ಒಬ್ಬನೇ, ಬಸ್ಸಿನಲ್ಲಿ. ನಾನು ಬಾಗಿಲಲ್ಲೇ ತಡೆದೆ. ಒಳಗಿನಿಂದ ಅಪ್ಪ ಚೌಡಪ್ಪ, “ಬರ್ಲಿ ಬಿಡ, ಹೇಮಾ. ನಿಮ್ಮವ್ವ ಇದ್ದಿದ್ರ ಕರೀತಿದ್ಲು” ಅಂದರು. ಅವನು ಒಳಗೆ ಬಂದು ನೆಲ ನೋಡುತ್ತ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಕೋರ್ಟಿನ ಕೆಲಸ ಕೋರ್ಟು ಮಾಡುತ್ತದೆ, ಇದು ನಿಮಗಾಗಿ.

“ಅಕ್ಕಾ, ಕಲ್ಲ ಇರಲಿಲ್ಲಲ್ಲ, ರಸ್ತೆ ಪೂರಾ ಖುಲ್ಲಾ ಕಂಡ್ತು. ಗೆಳ್ಯಾ ಒಮ್ಮೆ ಒತ್ತಲೇ ಅಂದ. ಒತ್ತಿದೆ. ಒಂದ್ ಕಡಿ ಗಾಲಿ ಕಾಳಿನ ಮ್ಯಾಲ ಹೋದ್ವು, ಹಿಂದಿನ ಗಾಲಿ ಸುಮ್ನ ತಿರಗಾಕತ್ವು. ಗಾಡಿ ಬಾಲ ಬ್ಯಾರೆ ಕಡೆ ಹೊಂಟ್ತು. ಅಂಜಿ ಬ್ರೇಕ್ ತುಳದೆ, ಸ್ಟೇರಿಂಗ್ ಉಲ್ಟಾ ಎಳದೆ. ಯವ್ವ ಕಾಣ್ತಿದ್ಲು. ಅಡ್ಡಡ್ಡ ಹೊಂಟಿತ್ತು ಗಾಡಿ, ನನ್ನ ಮಾತ ಕೇಳ್ಲಿಲ್ಲ. ಆಮ್ಯಾಲ ಮೊಬೈಲ್‌ನ್ಯಾಗ ನೋಡಿದೆ. ಮೆತ್ತಗ ಕಾಲ ತಗೀಬೇಕಿತ್ತಂತ. ಬಾಲ ಯಾ ಕಡೆ ಹೊಂಟೈತಿ, ಸ್ಟೇರಿಂಗ್ ಆ ಕಡೇನ ತಿರುವಬೇಕಿತ್ತಂತ. ಅಷ್ಟ ಅಕ್ಕಾ. ಅಷ್ಟ ನನಗ ಯಾರೂ ಹೇಳಿರ್ಲಿಲ್ಲ.”

ಇದನ್ನು ಕೇಳಿದಾಗ ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ತನಗೆ ಸರಿಯಾಗಿ ಕಲಿಸಿ, ಕಲಿತ ಮೇಲೆ ಪರೀಕ್ಷೆ ಮಾಡಿ ಎಂದು ಕೇಳಲು ಅವನು ನಿಮ್ಮ ಕಚೇರಿಗೆ ಹೋಗಿದ್ದನಂತೆ. ಕಿಟಕಿಯಲ್ಲಿದ್ದ ನಿಮ್ಮ ಸಿಬ್ಬಂದಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಅಮಾನತ್ ಮುಗದ್ರ ಲೈಸನ್ಸ್ ತಾನ ಬರತೈತೆಲ್ಲಪ. ಲೈಸನ್ಸ್ ಇದ್ದಂವಗ ಕಲಿಯೂದೇನೈತಿ?” ಅಂದರಂತೆ.

ಕಲಿಯುವುದೇನಿದೆ! ಈ ಮಾತನ್ನು ನಿಮ್ಮ ಕಚೇರಿಯ ಗೋಡೆಯ ಮೇಲೆ ಬರೆಸಿಬಿಡಿ, ಮಾನ್ಯರೇ. ತನಗೆ ಬರುವುದಿಲ್ಲ ಎಂದು ಕೊಂದವನೇ ಬಂದು ಹೇಳುತ್ತಿದ್ದಾನೆ, ಬರುತ್ತದೆ ಎಂದು ನೀವು ಸಮಾಧಾನ ಮಾಡಿ ಕಳಿಸುತ್ತೀರಿ. ದುಡ್ಡಿದ್ದವರು ವೇಗವನ್ನು ಅಂಗಡಿಯಿಂದ ಕೊಂಡು ತರುತ್ತಾರೆ. ಕೈಗೆ ಬರಬೇಕಾದ ವಿದ್ಯೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಅದು ಇದೆಯೋ ಇಲ್ಲವೋ ಎಂದು ನೋಡಲು ನಾಡಿನಲ್ಲಿ ಒಂದು ಬಾಗಿಲಿದ್ದರೆ ಅದು ನಿಮ್ಮದು. ನೀವು ಅದನ್ನು ಹಾರು ಹೊಡೆದು ತೆರೆದಿಟ್ಟು ಕೂತಿದ್ದೀರಿ.

ಅಪ್ಪ ಆ ದಿನದ ಕಾಳನ್ನು ಒಂದು ಚೀಲದಷ್ಟು ಗುಡಿಸಿ ತಂದಿದ್ದಾರೆ. ಉಳಿದದ್ದನ್ನು ಮರುದಿನ ಬಂಕಾಪುರದ ಕೋಟೆಯ ಕಡೆಯಿಂದ ಬಂದ ನವಿಲುಗಳು ತಿಂದವು, ನಾವು ಯಾರೂ ಓಡಿಸಲಿಲ್ಲ. ಚೀಲದ ಕಾಳಿನಲ್ಲಿ ಕಾರಿನ ದೀಪದ ಚೂರುಗಳಿವೆ. ಅಪ್ಪ ದಿನವೂ ಒಂದಿಷ್ಟನ್ನು ಮೊರಕ್ಕೆ ಸುರಿದುಕೊಂಡು ಆರಿಸುತ್ತಾರೆ. ಆರಿಸಿದ್ದನ್ನು ಮತ್ತೆ ಅದೇ ಚೀಲಕ್ಕೆ ಹಾಕುತ್ತಾರೆ, ನಾಳೆ ಮತ್ತೆ ಚೂರು ಸಿಗುತ್ತದೆ. “ಎಲ್ಲಾ ತಗದೇನಿ ಅಂತೇನಿ, ಮತ್ತೊಂದ ಇರತೈತಿ ನೋಡ” ಅನ್ನುತ್ತಾರೆ. ರಸ್ತೆಯ ಅಂಚಿನ ಬಿರುಕಿಗೆ ಬಿದ್ದ ಕಾಳು ಮಳೆಗೆ ಮೊಳೆತು ಮೊಣಕಾಲುದ್ದ ಬೆಳೆಯಿತು. ಬಿತ್ತದೇ ಬಂದ ಆ ಬೆಳೆಯನ್ನು ಕೀಳಲು ಊರಲ್ಲಿ ಯಾರಿಗೂ ಕೈ ಬರಲಿಲ್ಲ.

ನನಗೆ ಬೇರೆಯದೇ ಕಾಟ. ಕಾರು ಬಂದು ಬಡಿದದ್ದು ಅವ್ವ ಸಾಲಿನ ನಡುವೆ ಇದ್ದಾಗ. ಇತ್ತ ಕಡೆಯಿಂದ ಎರಡು ಪಾದದ ಗೆರೆ ನೆಟ್ಟಗೆ ಹೋಗಿ ಅಲ್ಲಿಗೆ ನಿಂತಿದ್ದವು, ಆಚೆಗೆ ಕಾಳು ಹರಡಿದ ಹಾಗೆಯೇ ಇತ್ತು. ಹುಡುಗಿಯರು ಹೊಲಿಯುತ್ತ ದಾರ ತೀರಿ ಅರ್ಧಕ್ಕೆ ನಿಂತ ಹೊಲಿಗೆ ಕಂಡರೂ ನನ್ನ ಜೀವ ಹಾರುತ್ತದೆ. ಕಣ್ಣು ಮುಚ್ಚಿದರೆ ಆ ಗೆರೆಗಳು ಮುಂದಕ್ಕೆ ಸಾಗುತ್ತವೇನೋ ಎಂದು ಕಾಯುತ್ತೇನೆ. ಸಾಗುವುದಿಲ್ಲ. ಹೆದ್ದಾರಿಯಲ್ಲಿ ಅಂಥ ಕಾರಿನ ಸದ್ದಾದರೆ ಪಾಠ ನಿಲ್ಲಿಸುತ್ತೇನೆ, ಅದು ದೂರ ಹೋಗುವವರೆಗೆ ಹುಡುಗಿಯರೂ ಮಷಿನ್ನಿನಿಂದ ಕಾಲು ತೆಗೆದಿರುತ್ತಾರೆ. ಅವರಿಗೆ ನಾನು ಹೇಳಿಕೊಟ್ಟಿಲ್ಲ, ತಾವೇ ಕಲಿತಿದ್ದಾರೆ.

ಈಗ ನನ್ನ ಬೇಡಿಕೆ. ಇಂಥ ಶಕ್ತಿಯ ಕಾರು ಕೊಂಡವರಿಗೆ, ಅದೇ ಕಾರಿನಲ್ಲಿ, ಜಾರುವ ನೆಲದ ಮೇಲೆ ಬೇರೆಯೇ ಪರೀಕ್ಷೆ ಇರಲಿ. ಓಡಿಸಲು ಬರುವವರು ಪಾಸಾಗಲಿ, ಬಾರದವರು ಕಲಿತು ಬರಲಿ. ನಿಯಮದಲ್ಲಿ ಇಲ್ಲ ಅನ್ನುತ್ತೀರೇನೋ. ಇಲ್ಲದಿದ್ದರೆ ಮೇಲಿನವರಿಗೆ ಬರೆಯಿರಿ, ಫಲಕ ಬರೆಸಲು ನಿಮಗೆ ಎಷ್ಟು ದಿನ ಹಿಡಿಯಿತು? ಮೊದಲ ಪರೀಕ್ಷೆ ಮಾಲತೇಶನದೇ ಆಗಲಿ, ನಮ್ಮೂರ ರಸ್ತೆಯಲ್ಲೇ ಆಗಲಿ. ಕಾಳು ನಾನು ತರುತ್ತೇನೆ, ಅಪ್ಪನ ಚೀಲ ಇದೆಯಲ್ಲ. ನಿಮ್ಮ ಫಲಕದ ಬುಡದಲ್ಲೇ ಹರಡುತ್ತೇನೆ, ದಂಡ ಹಾಕುವುದಿದ್ದರೆ ಹಾಕಿ. ಕಲ್ಲುಗಳು ಬೇವಿನ ಬುಡದಲ್ಲಿ ಅವ್ವ ಇಟ್ಟ ಹಾಗೇ ಇವೆ, ಅವು ಅಲ್ಲೇ ಇರಲಿ. ಮಾಲತೇಶ ಸವಣೂರಿನ ಕಡೆಯಿಂದ ಬರಲಿ. ನೀವು ಅವನ ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ.

ನಾನು ಬರಿಗಾಲಲ್ಲಿ ಕಾಳಿನೊಳಗೆ ಇರುತ್ತೇನೆ, ಅವ್ವ ಬಿಟ್ಟ ಜಾಗದಿಂದ ಮುಂದಕ್ಕೆ ಕಾಲಾಡಿಸುತ್ತ. ಹೆದರಬೇಡಿ, ನಿಮ್ಮ ಲೈಸನ್ಸಿನ ಮೇಲೆ ನಿಮಗಿರುವಷ್ಟೇ ಭರವಸೆ ನನಗೂ ಇದೆ ಎಂದುಕೊಳ್ಳಿ. ಕಾರಿನ ಸದ್ದು ಹತ್ತಿರವಾದಾಗ ನಾನು ತಿರುಗಿ ನೋಡುವುದಿಲ್ಲ. ಅವ್ವನೂ ನೋಡಿರಲಿಲ್ಲ.

ಆ ಸೀಟಿನಲ್ಲಿ ಕೂರಲು ನಿಮಗೆ ಮನಸ್ಸಾಗದಿದ್ದರೆ, ಮುಂದಿನ ತಿಂಗಳು ಆ ಲೈಸನ್ಸಿಗೆ ಸಹಿ ಹಾಕಬೇಡಿ.

ಇಂತಿ,
ಕಲ್ಲು ಸರಿಸುವುದನ್ನು ಕಟ್ಟೆಯ ಮೇಲೆ ಕೂತು ನೋಡಿದವಳು,
ಗುತ್ತೆವ್ವನ ಮಗಳು ಹೇಮಾ