ಸೊನ್ನೆಗೆ ಬರುವ ಗೆರೆ

ಗುರುವಾರ, ಮಾರ್ಚ್ ೧೪

ಗೆರೆ ಇವತ್ತೂ ಸೊನ್ನೆಗೇ ಬಂತು. ಅದೇ ನನಗೆ ಸರಿಬರುತ್ತಿಲ್ಲ.

ನಮ್ಮ ಪ್ರಯೋಗಾಲಯದ ಕಣ್ಣಿಗೆ ಕಾಣದ ಲೇಸರ್ ಕಿರಣ, ಉರಿಬಿಸಿ ಅನಿಲವಾದ ಪ್ಲಾಸ್ಮಾವನ್ನು ದಾಟುವಾಗ ಅಲೆಗಳು ಎಷ್ಟು ಸರಿದವು ಎಂದು ಎಣಿಸಿದರೆ ಅದರ ಸಾಂದ್ರತೆ ಸಿಗುತ್ತದೆ; ಅದೇ ಸ್ಕ್ರೀನಿನ ಮೇಲೆ ಗೆರೆಯಾಗಿ ಮೂಡುತ್ತದೆ. ಪ್ಲಾಸ್ಮಾ ಆರಿದ ಮೇಲೆ ಗೆರೆ ಸೊನ್ನೆಗೆ ಮರಳಬೇಕು, ನಿಜ. ಆದರೆ ನಮ್ಮ ಮುದಿ ಯಂತ್ರ ದಿನಕ್ಕೊಮ್ಮೆಯಾದರೂ ಒಂದು ಅಲೆಯ ಲೆಕ್ಕ ತಪ್ಪಿ, ಗೆರೆ ಮೇಲೆಯೇ ನೇತಾಡುತ್ತಿತ್ತು. ಹೊಸ ಪ್ರೋಗ್ರಾಮರ್ ಬಂದ ಮೇಲೆ ಒಮ್ಮೆಯೂ ಇಲ್ಲ.

"ಏನ್ ಮಾಡಿದ್ಯಪ್ಪಾ?" ಎಂದು ಕೇಳಿದೆ.

"ಏನಿಲ್ಲ ಮೇಡಂ, ಸ್ವಲ್ಪ ಕ್ಲೀನ್ ಮಾಡ್ದೆ," ಎಂದವನ ಕೈ ತಟ್ಟನೆ ಸ್ಕ್ರೀನ್ ಆರಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಕೊನೆಯ ಪ್ರಯೋಗಕ್ಕೆ ಮುಂಚೆ ಯಾರಿಗೂ ಹೇಳದೆ ಲೇಸರ್ ಕೋಣೆಗೆ ಹೋಗಿ, ನನ್ನ ಊಟದ ಡಬ್ಬಿಯ ಮುಚ್ಚಳವನ್ನು ಕಿರಣಕ್ಕೆ ಅಡ್ಡ ನಿಲ್ಲಿಸಿ ಬಂದೆ. ಅಳೆಯಲು ಬೆಳಕೇ ಇಲ್ಲ. ಆದರೂ ಗೆರೆ ಹುಚ್ಚುಹುಚ್ಚಾಗಿ ಕುಣಿದು, ಕೊನೆಗೆ ಮಹಾ ಸಾಧುವಿನಂತೆ ಸೊನ್ನೆಯ ಮೇಲೆ ಬಂದು ಕೂತಿತು. ಅಂದರೆ ಅಳತೆ ಏನೇ ಬರಲಿ, ಕೊನೆಗೆ ಸೊನ್ನೆ ತುಂಬುತ್ತಿರುವುದು ಅವನ ಪ್ರೋಗ್ರಾಂ.

ಅವನಿಗೆ ಸುಳಿವು ಸಿಗುವ ಮುಂಚೆ ನಾಳೆ ನಿರ್ದೇಶಕರಿಗೆ ಹೇಳಿಬಿಡಬೇಕು.

ಈಗಷ್ಟೇ ಅತ್ತೆ ಅಡುಗೆಮನೆಯಿಂದ ಕೂಗಿದರು: "ಡಬ್ಬಿ ಮುಚ್ಚಳ ಎಲ್ಲಮ್ಮಾ?"

ಅದು ಇನ್ನೂ ಲೇಸರ್ ಕೋಣೆಯಲ್ಲೇ ಇದೆ. ಬೇರೆಯವರದರ ಜೊತೆ ಅದಲುಬದಲಾಗದಿರಲಿ ಎಂದು ಅದರ ಮೇಲೆ ಹೆಸರು ಕೊರೆದವಳು ನಾನೇ. ಬೆಳಿಗ್ಗೆ ಆ ಕೋಣೆಯ ಬಾಗಿಲು ಮೊದಲು ತೆರೆಯುವವನು ಅವನು; ನಿರ್ದೇಶಕರು ಬರುವುದು ಆಮೇಲೆ.