ಮೆಟ್ಟಿಲಿಳಿಯುವ ಫೋಟೋ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಿಮ್ಮ ಲಿಫ್ಟಿನ ಪಕ್ಕದ ಗೋಡೆಯಲ್ಲಿ ನಗುತ್ತಾ ಮೆಟ್ಟಿಲು ಹತ್ತುತ್ತಿರುವ ಹೆಂಗಸು ನಾನು. ಕೆಳಗೆ ‘ಮಂಡಿ ಹೊಸದು, ಬದುಕೂ ಹೊಸದು’ ಎಂದು ಬರೆಸಿದ್ದೀರಿ. ಆ ಫೋಟೋ ಅರ್ಧ ಸತ್ಯ ಹೇಳುತ್ತಿದೆ. ಉಳಿದರ್ಧವನ್ನೂ ಪಕ್ಕದಲ್ಲಿ ತೂಗುಹಾಕಿ ಎಂದು ಕೇಳಲು ಈ ಪತ್ರ. ಮೆಟ್ಟಿಲಿನ ಫೋಟೋವನ್ನು ಲಿಫ್ಟಿಗೆ ಕಾಯುವವರಿಗೆ ತೋರಿಸುವ ನಿಮ್ಮ ಹಾಸ್ಯಪ್ರಜ್ಞೆಯ ಬಗ್ಗೆ ನನ್ನ ತಕರಾರೇನಿಲ್ಲ.

ಸಂಧಿವಾತ ನನ್ನನ್ನು ಮೂವತ್ತರೊಳಗೇ ಹಿಡಿಯಿತು. ನಲವತ್ತಕ್ಕೆ ಮೊದಲೇ ಎರಡೂ ಮಂಡಿ ಬದಲಾದವು. ನೋವು ಹೋಯಿತು, ನಿದ್ದೆ ಬಂತು; ನಿಮ್ಮ ವೈದ್ಯರ ಕೈಗುಣಕ್ಕೆ ನಾನು ಋಣಿ. ಆದರೆ ನನ್ನ ಕೆಲಸ ಚಪ್ಪಲಿ ಅಂಗಡಿಯಲ್ಲಿ. ಗಿರಾಕಿಗಳ ಮುಂದೆ ಮಂಡಿಯೂರಿ ಶೂ ತೊಡಿಸಿ ನೋಡಬೇಕು. ಈಗ ಮಂಡಿಯೂರಲಾರೆ. ಹಾಗೆಂದು ಹೇಳಿದರೆ ನಿಮ್ಮ ಗೋಡೆ ನೋಡಿ ಬಂದಿರುವ ಅಂಗಡಿಯ ಯಜಮಾನರು ನಂಬುವುದಿಲ್ಲ. ಕೂರಲು ಸ್ಟೂಲ್ ಕೇಳಿದ್ದಕ್ಕೆ, ಅಷ್ಟು ಚೆನ್ನಾಗಿ ಮೆಟ್ಟಿಲು ಹತ್ತುವವಳಿಗೆ ಸ್ಟೂಲ್ ಯಾಕೆ ಎಂದರು. ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂದರೆ ಇದೇ. ತಲೆ ಅವರದು, ಮೊಣಕಾಲು ನನ್ನದು.

ಫೋಟೋ ತೆಗೆದ ದಿನ ಅದೇ ಮೆಟ್ಟಿಲುಗಳನ್ನು ನನ್ನಿಂದ ಮತ್ತೆ ಮತ್ತೆ ಹತ್ತಿಸಿದರು. ಪ್ರತಿ ಸಲವೂ ನಾನು ಇಳಿದದ್ದು ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ. ಆಗೆಲ್ಲ ನಿಮ್ಮ ಫೋಟೋಗ್ರಾಫರ್ ಲೆನ್ಸ್ ಒರೆಸಿಕೊಳ್ಳುತ್ತಿದ್ದರು. ಇನ್ನು ಆ ನಗು, ‘ಸಾಕು’ ಎಂದು ಅವರು ಹೇಳಿದ ಗಳಿಗೆಯದು.

ಕಳೆದ ವಾರ ಅಂಗಡಿಗೆ ಒಬ್ಬ ಹುಡುಗಿ ನನ್ನನ್ನೇ ಹುಡುಕಿಕೊಂಡು ಬಂದಳು. ಶಿಶುವಿಹಾರದಲ್ಲಿ ಕೆಲಸ, ದಿನವಿಡೀ ನೆಲದ ಮೇಲೆ ಮಕ್ಕಳ ಜೊತೆ. ಅವಳಿಗೂ ಸಂಧಿವಾತ, ನಿಮ್ಮಲ್ಲೇ ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಗಿದೆ. ಆಮೇಲೆ ಹೇಗಿರುತ್ತದೆ ಎಂದು ಕೇಳಿದರೆ, ನಿಮ್ಮವರು ಲಿಫ್ಟಿನ ಹತ್ತಿರದ ಫೋಟೋ ನೋಡಲು ಹೇಳಿದರಂತೆ. ನಾನು ಗೊತ್ತಿದ್ದಷ್ಟು ಹೇಳಿದೆ: ನೋವು ಹೋಗಬಹುದು, ನಡೆದಾಡಬಹುದು, ನೆಲದಲ್ಲಿ ಕೂತು ಏಳುವುದು ಕಷ್ಟ, ಈ ವಯಸ್ಸಿನಲ್ಲಿ ಹಾಕಿಸಿಕೊಂಡ ಮಂಡಿ ಮುಂದೆ ಸವೆದು, ಮತ್ತೊಮ್ಮೆ ಕೊಯ್ಯಿಸಿಕೊಳ್ಳಬೇಕಾಗಿ ಬರಬಹುದು.

“ಹಾಗಾದ್ರೆ ಆ ಫೋಟೋ ಸುಳ್ಳಾ ಅಕ್ಕಾ?”

“ನಿಜಾನೇ ಕಣಮ್ಮ. ಇಳಿಯೋದನ್ನ ತೆಗೀಲಿಲ್ಲ, ಅಷ್ಟೇ.”

ಹೇಳುವಾಗ ಗೋಡೆಯ ಮೇಲಿನ ನನ್ನದೇ ಮುಖದ ಮೇಲೆ ಸಿಟ್ಟು ಬಂತು. ಮಾಡಿಸಿಕೊಳ್ಳಲಾ ಬೇಡವಾ ಎಂದು ಅವಳು ಕೇಳಿದಳು. ಹೇಳಲು ನಾನ್ಯಾರು? ನಿಮ್ಮವರು ಅವಳೆದುರು ಕೂತು ಆಡಬೇಕಾದ ಮಾತನ್ನು ಚಪ್ಪಲಿ ಅಂಗಡಿಗೆ ಬಿಟ್ಟರೆ ಹೇಗೆ, ಸ್ವಾಮಿ? ನಾವು ಪಾದದಿಂದ ಮೇಲಕ್ಕೆ ಹೋಗುವವರಲ್ಲ.

ಫೋಟೋಗ್ರಾಫರನ್ನು ಮತ್ತೊಮ್ಮೆ ಕರೆಸಿ. ಅದೇ ಬಟ್ಟೆಯಲ್ಲಿ ಬಂದು ಅದೇ ಮೆಟ್ಟಿಲು ಇಳಿಯುತ್ತೇನೆ. ಅದನ್ನೂ ಅಷ್ಟೇ ದೊಡ್ಡದು ಮಾಡಿಸಿ ಪಕ್ಕದಲ್ಲಿ ಹಾಕಿ, ಆ ಹುಡುಗಿಯ ಶಸ್ತ್ರಚಿಕಿತ್ಸೆಯ ದಿನ ಬರುವ ಮೊದಲು. ಎರಡನ್ನೂ ನೋಡಿ ಅವಳು ಒಪ್ಪಿದರೆ, ಕೈಹಿಡಿದು ನಿಮ್ಮ ಬಾಗಿಲಿಗೆ ಕರೆತರುವವಳೂ ನಾನೇ.

ಇಂತಿ,
ನಿಮ್ಮ ಗೋಡೆಯ ಮೇಲೆ ಹತ್ತುತ್ತಲೇ ಇರುವ,
ಇಳಿಯಲು ಅಪ್ಪಣೆ ಸಿಗದ
ಚಪ್ಪಲಿ ಅಂಗಡಿಯವಳು