ಕೊಳದ ಅಂಟುಮಣ್ಣು

ಪಿಸ್ಕಾಟವೇ, ನ್ಯೂ ಜೆರ್ಸಿ
೧೯ ಮೇ ೧೯೭೪

ಶೈಲಕ್ಕನಿಗೆ ತಂಗಿ ವೀರಬಸಮ್ಮನ ಶರಣು.

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರಬಹುದು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಕೈ ಎಂದು ಕ್ಷಮಿಸು. ಉತ್ತರ ತಡವಾದದ್ದು ಮಾತ್ರ ನಾಚಿಕೆಯಿಂದ.

ಯಜಮಾನರು ಕಾಲೇಜಿನಿಂದ ಬಂದು ತೋಟ ನೋಡಿಕೊಳ್ಳಲಿ ಎಂದು ಮಿಸೆಸ್ ಹಾರ್ಟ್ ಎಂಬ ಅಜ್ಜಿ ತಮ್ಮ ಮನೆಯ ಹಿಂದಿನ ಈ ಸಣ್ಣ ಮನೆಯನ್ನು ನಮಗೆ ಕೊಟ್ಟಿದ್ದಾರೆ. ತೋಟದ ಸುತ್ತ ಆಳೆತ್ತರದ ಇಟ್ಟಿಗೆ ಗೋಡೆ, ಒಳಗೆ ಕಾಯಿಪಲ್ಲೆಯ ಮಡಿಗಳು, ನಟ್ಟನಡುವೆ ದುಂಡನೆಯ ಕೊಳ. ಅಜ್ಜಿಯ ಮುತ್ತಜ್ಜ ಕಟ್ಟಿಸಿದ್ದಂತೆ. ನಲ್ಲಿಯ ತಣ್ಣೀರು ಎಳೆಸಸಿಗೆ ಆಗದು. ಕೊಳದಲ್ಲಿ ನಿಂತು ಬಿಸಿಲಿಗೆ ಬೆಚ್ಚಗಾದ ನೀರನ್ನೇ ಅಜ್ಜಿ ಕ್ಯಾನ್ ಅದ್ದಿ ತುಂಬಿಕೊಂಡು ಹಾಕುತ್ತಾರೆ. ದಿನಾ ನನಗೊಂದು ಹಿಡಿ ಸೊಪ್ಪು ಕೊಡುತ್ತಾರೆ. ಒಬ್ಬರ ಮಾತು ಒಬ್ಬರಿಗೆ ಬಾರದು, ಇಬ್ಬರೂ ನಗುತ್ತೇವೆ.

ಹದಿನೈದು ದಿನದ ಹಿಂದೆ ಅಜ್ಜಿ ಮಗಳ ಮನೆಗೆ ಹೋಗಿದ್ದರು. ಕೊಳ ಪಾಚಿಗಟ್ಟಿತ್ತು. ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ಬಾವಿಯ ರಾಡಿ ತೆಗೆಯುತ್ತಾರಲ್ಲ, ಹಾಗೆ ಮಾಡಿದರೆ ಅಜ್ಜಿ ಸಂತೋಷಪಟ್ಟಾರು ಎನಿಸಿತು.

"ಕೊಳಾ ಸ್ವಚ್ಛ ಮಾಡ್ಲೇನ್ರಿ?" ಎಂದು ಇವರನ್ನು ಕೇಳಿದೆ.

"ಹೂಂ, ಮಾಡು," ಅಂದರು, ಪುಸ್ತಕದಿಂದ ತಲೆಯೆತ್ತದೆ.

ಸೀರೆ ಎತ್ತಿ ಕಟ್ಟಿ ನೀರೆಲ್ಲ ಹೊರಚೆಲ್ಲಿದೆ. ತಳದ ಅಂಟುಮಣ್ಣನ್ನು ಸಲಿಕೆಯಿಂದ ಕೆರೆದು ತೆಗೆದೆ. ಹೊಸ ನೀರು ತುಂಬಿದೆ. ಬೆಳಗಾಗುವುದರಲ್ಲಿ ಎಲ್ಲ ಇಂಗಿಹೋಗಿತ್ತು. ನೀರು ನಿಲ್ಲಲೆಂದೇ ಆ ಮಣ್ಣನ್ನು ತುಳಿದು ತುಳಿದು ಹಾಸಿದ್ದರಂತೆ, ಅಕ್ಕ.

ಅಜ್ಜಿ ಬಂದು ನೋಡಿದವರು ಕಟ್ಟೆಯ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಇವರೇ ಒಳಗೆ ಬಂದು ಸಿಡುಕಿದರು: "'ನನ್ನ ನೀರು ನಿಮಗ ಅಷ್ಟು ಹೊಲಸಾಗಿತ್ತೇನು?' ಅಂತ ಕೇಳಾಕ್ಹತ್ತಾಳ ಮುದುಕಿ. ಮನಿ ಬಿಡು ಅಂದ್ರ ಎಲ್ಲಿಗೆ ಹೋಗೂದು?"

ಅಂದಿನಿಂದ ನಾನು ಅಜ್ಜಿಯ ಕಣ್ಣಿಗೆ ಬಿದ್ದಿಲ್ಲ. ಆದರೂ ಸೊಪ್ಪು ಮೆಟ್ಟಿಲ ಮೇಲೆ ಬಂದಿರುತ್ತದೆ. ಅಜ್ಜಿ ಒಳಗೆ ಹೋದ ಮೇಲೆ ಅದನ್ನು ಎತ್ತಿಕೊಳ್ಳುತ್ತೇನೆ.

ಮಾವನವರಿಗೆ ಶರಣು ಹೇಳು. ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ ತಂಗಿ,
ವೀರಬಸಮ್ಮ

ತಾ.ಕ.: ಇದನ್ನು ಅವ್ವನಿಗೆ ಓದಿ ಹೇಳಬೇಡ. ಅವತ್ತು ಇವರು ಅಜ್ಜಿಯ ಕ್ಷಮೆ ಕೇಳುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಇಂಗ್ಲಿಷಿನಲ್ಲಿ ನನಗೆ ತಿಳಿದದ್ದು ಒಂದೇ ಮಾತು, "ಅನ್‌ಎಜುಕೇಟೆಡ್." ಪಕ್ಕದೂರು ಮೆಟುಚೆನ್ನಿನ ಗೆಳೆಯರ ಮುಂದೆಯೂ ನನ್ನನ್ನು ತೋರಿಸಿ ಅದನ್ನೇ ಅನ್ನುತ್ತಾರೆ, ಹಾಗಾಗಿ ಕಲಿತಿದ್ದೇನೆ. "ಮಾಡು" ಎಂದು ತಾವು ಹೇಳಿದ್ದನ್ನು ಅಜ್ಜಿಗೆ ತಿಳಿಸಿದರೋ ಇಲ್ಲವೋ, ಇವರನ್ನು ನಾನು ಕೇಳಲಿಲ್ಲ. ಮೇಲಿನದನ್ನು ನಿನ್ನೆ ಬರೆದಿಟ್ಟಿದ್ದೆ; ಇಂದು ಬೆಳಿಗ್ಗೆ ಇವರು ಏಳುವ ಮೊದಲೇ ಹೋಗಿ ಅಜ್ಜಿಯ ಬಾಗಿಲು ಬಡಿದೆ. "ಸಾರಿ" ಎಂದೆ. ಅಜ್ಜಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ.